ಗೆದ್ದವರು ಎದ್ದು ಹೋಗುತ್ತಾರೆ

ಇಪ್ಪತ್ತಾರು ಎಂದು ಬರೆದು, ಅದರ ಸುತ್ತ ಪೆನ್ಸಿಲಿನಿಂದ ಒಂದು ಸುತ್ತು ಎಳೆದಾಗ ತನಗೆ ಖುಷಿಯಾಗಿತ್ತು ಎಂಬುದು ಅವನಿಗೆ ಗೊತ್ತಾದದ್ದು ಮಾರನೆಯ ದಿನ ಬೆಳಿಗ್ಗೆ, ಹಲ್ಲುಜ್ಜುವಾಗ. ಬಾಯಿತುಂಬ ನೊರೆ ಇಟ್ಟುಕೊಂಡು ಕನ್ನಡಿಯ ಮುಂದೆ ಹಾಗೇ ನಿಂತ. ಒಳ್ಳೆಯ ಜಾತಿಯ ಖುಷಿಯಲ್ಲ ಅದು. ಪಕ್ಕದ ಮನೆಯಲ್ಲಿ ಗಾಜು ಒಡೆದ ಸದ್ದು ಕೇಳಿ, ನಮ್ಮದಲ್ಲ ಎಂದು ಖಾತ್ರಿಯಾದ ಮೇಲೆ ಒಳಗೆ ಒಂದು ಕ್ಷಣ ಬೆಚ್ಚಗಾಗುತ್ತದಲ್ಲ, ಅಂಥದ್ದು. ಹನ್ನೊಂದು ವರ್ಷದಿಂದ ಅಂಕಿ ಬರೆದುಕೊಳ್ಳುತ್ತಲೇ ಬಂದವನು. ಯಾವ ಅಂಕಿಯೂ ಅವನ ಮೈಯನ್ನು ಹೀಗೆ ಬೆಚ್ಚಗೆ ಮಾಡಿರಲಿಲ್ಲ. ಉಗುಳಿ, ಬಾಯಿ ಮುಕ್ಕಳಿಸಿ, ಮುಖಕ್ಕೆ ನೀರು ಹಾಕಿಕೊಂಡ. ಖುಷಿ ಹೋಗಲಿಲ್ಲ. ನಾಚಿಕೆಯ ಕೆಳಗೆ ಒಲೆಯ ಕೆಂಡದಂತೆ ಅದು ಅಲ್ಲೇ ಇತ್ತು.

ಹಜಾರದಲ್ಲಿ ಹೆಂಡತಿ ಫೋನಿನಲ್ಲಿ ತನ್ನ ತಂಗಿಯ ಜೊತೆ ನಗುತ್ತಿದ್ದಳು. "ಅಯ್ಯೋ, ಒಂದೊಂದು ಕಾಲಿಗೆ ಒಂದೊಂದು ಚಪ್ಪಲಿಯಾ? ಆಫೀಸಿಂದ ವಾಪಸ್ ಬಂದ್ಮೇಲೆ ಗೊತ್ತಾಯ್ತಾ?" ಯಾರ ಕಾಲು ಎಂದು ಕೇಳಬೇಕಾಗಿರಲಿಲ್ಲ. ಷಡ್ಡಕನದು. ಹೆಂಡತಿಯ ತಂಗಿಯ ಗಂಡ ಎನ್ನುವ ಸಂಬಂಧಕ್ಕೆ ಭಾಷೆ ಇಟ್ಟಿರುವ ಹೆಸರೇ ಯಾರೋ ಬಾಗಿಲು ದಡಾರನೆ ಹಾಕಿಕೊಂಡ ಹಾಗೆ ಕೇಳಿಸುತ್ತದೆ ಎಂದು ಅವನಿಗೆ ಎಷ್ಟೋ ಸಲ ಅನ್ನಿಸಿತ್ತು. ತಾನು ಹಾಗೆ ಚಪ್ಪಲಿ ಹಾಕಿಕೊಂಡು ಹೋಗಿದ್ದರೆ ಇವಳು ಕಣ್ಣು ತೋರಿಸಿಕೊಳ್ಳಿ ಎನ್ನುತ್ತಿದ್ದಳು. ಷಡ್ಡಕ ಹಾಕಿಕೊಂಡರೆ ಅದೊಂದು ಕಥೆಯಾಗುತ್ತದೆ, ಎರಡು ಮನೆಗಳ ನಡುವೆ ಮಧ್ಯಾಹ್ನದವರೆಗೂ ಓಡಾಡುತ್ತದೆ. ಅವಳು ಫೋನಿಟ್ಟು, ಇನ್ನೂ ನಗುವ ಮುಖದಲ್ಲೇ ಬಂದಳು. ಅವನನ್ನು ನೋಡಿದ ಮೇಲೆ ನಗು ಒಂದು ಮೆಟ್ಟಿಲು ಕೆಳಗಿಳಿಯಿತು. ಹಾಗೆ ಇಳಿಯುವುದನ್ನು ಕಾಯುವುದು ಅವನಿಗೆ ಅಭ್ಯಾಸವಾಗಿಬಿಟ್ಟಿತ್ತು.

"ರಾತ್ರಿ ಊಟಕ್ಕೆ ಅಲ್ಲೇ ಬರ್ಬೇಕಂತೆ. ಇವತ್ತು ನಿಮ್ಮ ವರದಿ ಹೋಗುತ್ತಂತಲ್ಲ."

"ವರದಿ ಏನು ಅಂತ ಗೊತ್ತಾಗೋ ಮೊದಲೇ ಊಟನಾ?"

"ಏನೇ ಆದ್ರೂ ಊಟ ಊಟಾನೇ ಅಂದ್ಲು ತಂಗಿ." ಲೋಟ ತೊಳೆಯುತ್ತಾ, ಬೆನ್ನು ತಿರುಗಿಸಿಕೊಂಡೇ ಹೇಳಿದಳು: "ಅವನ ಕಾರ್ಡುಗಳ ಬಗ್ಗೆ ಒಳ್ಳೇದು ಬರೀರಿ. ಅವನೇನು ಹೊರಗಿನವನಾ?"

"ಹೊರಗಿನವನಾ ಒಳಗಿನವನಾ ಅಂತ ಕಾರ್ಡಿಗೆ ಗೊತ್ತಿರಲ್ಲ."

"ನಿಮಗೆ ಗೊತ್ತಿರುತ್ತಲ್ಲ," ಎಂದಳು. ಅಷ್ಟರಲ್ಲಿ ನಲ್ಲಿ ಜೋರಾಗಿ ಸುರಿಯಿತು.

ಬಸ್ಸಿನಲ್ಲಿ ಕಿಟಕಿಯ ಪಕ್ಕ ಜಾಗ ಸಿಕ್ಕಿತು. ಕಾಲ ಮೇಲೆ ಬ್ಯಾಗು, ಬ್ಯಾಗಿನೊಳಗೆ ಆರು ವಾರಗಳ ಹಾಳೆಗಳು. ಆಫೀಸಿನಲ್ಲಿ ಎಲ್ಲರೂ ಅವನನ್ನು ಡಾಕ್ಟ್ರೇ ಎಂದು ಕರೆಯುತ್ತಿದ್ದರು. 'ಏಳು ಕೋಟೆ' ಎನ್ನುವ ಕಾರ್ಡಿನ ಆಟದ ಆರೋಗ್ಯ ನೋಡುವುದು ಅವನ ಕೆಲಸ. ಜನ ಕಾರ್ಡುಗಳನ್ನು ಕೊಂಡು, ಕೂಡಿಟ್ಟು, ಅದಲು ಬದಲು ಮಾಡಿಕೊಂಡು, ತಮಗೆ ಬೇಕಾದ ನಲವತ್ತನ್ನು ಆರಿಸಿ ಒಂದು ಕಟ್ಟು ಮಾಡಿಕೊಂಡು ಎದುರಾಳಿಯ ಮುಂದೆ ಕೂರುತ್ತಾರೆ. ವರ್ಷಕ್ಕೆ ಮೂರು ಸಲ ಹೊಸ ಕಾರ್ಡುಗಳ ಸರಣಿ ಬರುತ್ತದೆ. ಪ್ರತಿ ಸರಣಿಯೂ ಅಚ್ಚಿಗೆ ಹೋಗುವ ಮೊದಲು ಇದರಿಂದ ಆಟ ಇನ್ನೂ ಹತ್ತು ವರ್ಷ ಬದುಕುತ್ತದೆಯೇ, ಇಲ್ಲ ಎರಡು ವರ್ಷದಲ್ಲಿ ಸೊರಗುತ್ತದೆಯೇ ಎಂದು ಅವನು ಬರೆದು ಕೊಡಬೇಕು. ಆಟ ಗದ್ದಲ ಮಾಡಿಕೊಂಡು ಸಾಯುವುದಿಲ್ಲ. ಮೊದಲು, ಒಂದು ವಾರ ಬಂದವರು ಎರಡನೆಯ ವಾರ ಬರುವುದಿಲ್ಲ. ಆಮೇಲೆ ಎಲ್ಲರ ಕಟ್ಟೂ ಒಂದೇ ಥರ ಆಗುತ್ತದೆ. ಆಮೇಲೆ ಒಂದು ದಿನ ಅಂಗಡಿಯವನು ಆಟದ ಮೇಜನ್ನು ಗೋಡೆಗೆ ಸರಿಸಿ ಅದರ ಮೇಲೆ ಛತ್ರಿಗಳನ್ನು ಮಾರಲು ಇಡುತ್ತಾನೆ. ಇದನ್ನೆಲ್ಲ ಮೊದಲೇ ಕಾಣಬೇಕಾದರೆ ಕಾರ್ಡು ನೋಡಿದರೆ ಸಾಲದು, ಕುರ್ಚಿ ನೋಡಬೇಕು ಎಂಬುದು ಅವನೇ ಕಂಡುಕೊಂಡಿದ್ದ ಗುಟ್ಟು. ಆಟ ಮುಗಿದ ಮೇಲೆ ಯಾರು ಕೂತಿರುತ್ತಾರೆ, ಯಾರು ಏಳುತ್ತಾರೆ. ಸೋತವರು ಏಳುವುದು ಸಹಜ. ಗೆದ್ದವರು ಒಂದು ಗಳಿಗೆ ಕೂತು ತಮ್ಮ ಕಾರ್ಡುಗಳನ್ನು ಸವರುತ್ತಾರೆ, ಇನ್ನೊಂದು ಆಟವಾ ಎನ್ನುತ್ತಾರೆ. ಮೂವತ್ತು ಆಟಕ್ಕೆ ಐದಾರು ಸಲ ಗೆದ್ದವರೇ ತಟಕ್ಕನೆ ಎದ್ದು ಹೋಗಬಹುದು, ಬಸ್ಸಿಗೋ ಬಚ್ಚಲಿಗೋ. ನಿನ್ನೆ ಮುಗಿದ ಪರೀಕ್ಷೆಯಲ್ಲಿ ಮೂವತ್ತೊಂದು ಆಟಗಳಲ್ಲಿ ಇಪ್ಪತ್ತಾರು ಸಲ ಗೆದ್ದವರು ಎದ್ದು ಹೋಗಿದ್ದರು. ಸೋತವರು ಮಾತ್ರ ನಗುನಗುತ್ತಾ ಕೂತಿದ್ದರು. ಅದು ಷಡ್ಡಕ ಮಾಡಿದ ಸರಣಿ.

ಷಡ್ಡಕನನ್ನು ಕಂಪನಿಗೆ ತಂದವನೂ ಅವನೇ. ಎಂಟು ವರ್ಷದ ಹಿಂದೆ ಅಂಗಡಿಗಳ ಬೋರ್ಡು ಬರೆದುಕೊಂಡಿದ್ದ ಷಡ್ಡಕನಿಗೆ ಕೆಲಸ ಕಮ್ಮಿಯಾಗಿ, ಇವನ ಹೆಂಡತಿ ಇವನ ಜೊತೆ ನಾಲ್ಕು ದಿನ ಮಾತು ಬಿಟ್ಟಮೇಲೆ, ಕಾರ್ಡುಗಳ ಮೇಲೆ ಅಕ್ಷರ ಬರೆಯಲು ಒಬ್ಬರು ಬೇಕಂತೆ ಎಂದು ಕರೆದುಕೊಂಡು ಹೋಗಿದ್ದ. ಆರು ತಿಂಗಳಲ್ಲಿ ಷಡ್ಡಕ ಟೀ ಅಂಗಡಿಯ ಚೀಟಿಯ ಹಿಂದೆ ತಾನೇ ಹೊಸ ಕಾರ್ಡುಗಳನ್ನು ರೂಪಿಸತೊಡಗಿದ. ಎರಡು ವರ್ಷದಲ್ಲಿ ಪೆಟ್ಟಿಗೆಯ ಹಿಂಬದಿಗೆ ಅವನ ಹೆಸರು ಬಂತು. ಪರೀಕ್ಷೆ ಮಾಡುವವರ ಹೆಸರನ್ನು ಪೆಟ್ಟಿಗೆಯ ಮೇಲೆ ಹಾಕುವ ಪದ್ಧತಿ ಇಲ್ಲ. ಇವನೂ ಒಂದು ಕಾಲದಲ್ಲಿ, ಆಟ ಹುಟ್ಟಿದ ವರ್ಷ, ಒಂದು ಕಾರ್ಡು ಮಾಡಿದ್ದ. 'ಕಣಜ' ಅಂತ. ಮೂರು ತಿಂಗಳು ತೂಗಿ ತೂಗಿ ಮಾಡಿದ್ದು, ಎಲ್ಲೂ ಒಂದು ಕೂದಲೆಳೆ ಹೆಚ್ಚಿಲ್ಲ, ಕಮ್ಮಿಯಿಲ್ಲ. ಯಾರಿಗೂ ತೊಂದರೆ ಕೊಡದ ಕಾರ್ಡು. ಯಾರೂ ಕಟ್ಟಿಗೆ ಹಾಕಿಕೊಳ್ಳದ ಕಾರ್ಡು. ಒಮ್ಮೆ ಪೇಟೆಯ ಅಂಗಡಿಯಲ್ಲಿ ಆಡುವವರನ್ನು ನೋಡಲು ಹೋದಾಗ ಬಗ್ಗಿ ಪೆನ್ಸಿಲು ಎತ್ತಿಕೊಳ್ಳುತ್ತಾ ನೋಡಿದ್ದ: ಅಲುಗಾಡುವ ಮೇಜಿನ ಕಾಲಿನ ಕೆಳಗೆ ಅಂಗಡಿಯವನು ಮೂರು ಕಣಜಗಳನ್ನು ಮಡಚಿ ಸೇರಿಸಿದ್ದ. ಮೇಜು ಅಲುಗಾಡುತ್ತಿರಲಿಲ್ಲ. ಅದನ್ನು ಅವನು ಯಾರಿಗೂ ಹೇಳಲಿಲ್ಲ, ಹೇಳಿದ್ದರೆ ಷಡ್ಡಕ ಹೊಟ್ಟೆ ಹಿಡಿದುಕೊಂಡು ನಕ್ಕು, ಹೆಗಲ ಮೇಲೆ ಕೈಹಾಕಿ, "ಅಣ್ಣಾ, ಕೊನೆಗೂ ಉಪಯೋಗಕ್ಕೆ ಬಂತಲ್ಲ!" ಎನ್ನುತ್ತಿದ್ದ. ಆ ಮಾತಿನಲ್ಲಿ ಎಳ್ಳಷ್ಟೂ ವಿಷ ಇರುತ್ತಿರಲಿಲ್ಲ. ಇದ್ದಿದ್ದರೆ ಎಷ್ಟು ಚೆನ್ನಾಗಿತ್ತು.

ಒಂಬತ್ತೂವರೆಗೆ ಮೇಜಿನ ಮುಂದೆ ಕೂತ. ಗಾಜಿನ ಆಚೆ, ಅಚ್ಚಿನ ಮೇಸ್ತ್ರಿಯ ಪಕ್ಕ ಷಡ್ಡಕ ನಿಂತಿದ್ದ. ಬಣ್ಣದ ಹಾಳೆಯೊಂದನ್ನು ಬೆಳಕಿಗೆ ಹಿಡಿದು ಏನೋ ಹೇಳಿದ. ಮೇಸ್ತ್ರಿ, ಹತ್ತು ವರ್ಷದಲ್ಲಿ ಇವನ ಎದುರು ಒಮ್ಮೆಯೂ ಹಲ್ಲು ಕಾಣಿಸದಿದ್ದ ಆ ಮೇಸ್ತ್ರಿ, ನಕ್ಕ. ಕಂಪನಿಯ ಒಡತಿ, ಎಲ್ಲರೂ ಮೇಡಂ ಎನ್ನುವ ದಪ್ಪ ಕನ್ನಡಕದ ಹೆಂಗಸು, ಹಾದು ಹೋಗುತ್ತಾ ಬಾಗಿಲಲ್ಲಿ ತಲೆ ಹಾಕಿದರು. "ಡಾಕ್ಟ್ರೇ, ನಾಲ್ಕು ಗಂಟೆಗೆ ಪ್ರೆಸ್ಸಿಗೆ ಹೇಳ್ಬೇಕು. ರೋಗಿ ಹೇಗಿದಾರೆ?" "ನೋಡ್ತಾ ಇದೀನಿ ಮೇಡಂ." "ನೋಡೋದೇನಿದೆ, ಈ ಸಲ ಆಡಿದವರೆಲ್ಲ ಕುಣೀತಿದ್ರಂತೆ." ಅದು ನಿಜ. ಷಡ್ಡಕನ ಹೊಸ ಕಾರ್ಡಿನ ಹೆಸರು ಅಂಬಿಗ. ಈ ಆಟದಲ್ಲಿ ಸೋತ ಕಾರ್ಡುಗಳನ್ನು ಪಕ್ಕಕ್ಕೆ ಇಡುತ್ತಾರೆ. ಆ ರಾಶಿಗೆ 'ಆಚೆ ದಡ' ಎಂದು ಹೆಸರು. ಹೋದದ್ದು ಹೋಯಿತು. ಅಂಬಿಗ ಬಂದ ಮೇಲೆ ಪ್ರತಿ ಸರದಿಯಲ್ಲೂ ಒಂದು ಕಾರ್ಡು ದೋಣಿ ಹತ್ತಿ ವಾಪಸು ಬರುತ್ತದೆ. ಪರೀಕ್ಷೆಗೆ ಬರುತ್ತಿದ್ದ ಬಸ್ ಡ್ರೈವರು ತನ್ನ ಕಳೆದುಹೋದ ಆನೆಯ ಕಾರ್ಡು ಮರಳಿ ಕೈಗೆ ಬಂದಾಗ ಕುರ್ಚಿಯಿಂದ ಎದ್ದು ನಿಂತು ಕೂಗಿದ್ದ. ಅಂದು ಇವನ ಕಣ್ಣೂ ಒದ್ದೆಯಾಗಿತ್ತು. ಹನ್ನೊಂದು ವರ್ಷದಲ್ಲಿ ಇಷ್ಟು ಚೆಂದದ ಕಾರ್ಡು ಬಂದಿರಲಿಲ್ಲ, ಅದು ಮೊದಲ ದಿನವೇ ಅವನಿಗೆ ಗೊತ್ತಾಗಿತ್ತು. ಅಂದಿನಿಂದ ಅವನು ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ಅದರ ತಪ್ಪು ಹುಡುಕಿದ್ದ. ಬೇರೆ ಯಾರ ಕಾರ್ಡೇ ಆಗಿದ್ದರೂ ಎರಡನೆಯ ವಾರಕ್ಕೆ ಸಹಿ ಹಾಕಿಬಿಡುತ್ತಿದ್ದ. ಐದನೆಯ ವಾರದಲ್ಲಿ ಕುರ್ಚಿಗಳು ಖಾಲಿಯಾಗುತ್ತಿರುವುದು ಕಂಡದ್ದು ಆ ಉರಿಯುವ ಕಣ್ಣಿಗೇ. ಕಳೆದುಕೊಂಡದ್ದೆಲ್ಲ ವಾಪಸು ಬರುವ ಕಡೆ ಗೆದ್ದದ್ದಕ್ಕೆ ತೂಕವಿಲ್ಲ. ಗೆದ್ದವರಿಗೆ ಅದನ್ನು ಬಾಯಿಬಿಟ್ಟು ಹೇಳಲು ಬಾರದು. ಸುಮ್ಮನೆ ಎದ್ದು ಹೋಗುತ್ತಾರೆ.

ಬರೆಯಲು ಶುರುಮಾಡಿದ. 'ಅಂಬಿಗ ಕಾರ್ಡಿನಿಂದ ಗೆಲುವಿನ ಬೆಲೆ ಕುಸಿಯುತ್ತದೆ.' ಓದಿದ. ಹೊಟ್ಟೆಕಿಚ್ಚಿನವನ ಮಾತಿನಂತೆ ಕೇಳಿಸಿತು. ಕುಸಿಯುತ್ತದೆ ಎನ್ನುವ ಕಡೆ ಕುಗ್ಗಬಹುದು ಎಂದು ಮಾಡಿದ. ಈಗ ಹೊಟ್ಟೆಕಿಚ್ಚನ್ನು ಬಚ್ಚಿಡುವವನ ಮಾತಾಯಿತು. ನಾಲ್ಕು ಸಲ ತಿದ್ದಿದ. ನಿಜವಾದ ಮಾತೇ, ಅಂಕಿಯ ಸಮೇತ ಇರುವ ಮಾತೇ, ಆದರೆ ತನ್ನ ಬಾಯಿಂದ ಬಂದಕೂಡಲೇ ಹುಳಿಯಾಗುತ್ತಿತ್ತು. ಅಪ್ಪ ನೆನಪಾದರು. ಪೇಟೆಯಲ್ಲಿ ತಕ್ಕಡಿ ತಪಾಸಣೆ ಮಾಡುವ ಇನ್‌ಸ್ಪೆಕ್ಟರು. ಅಂಗಡಿಯವರು ಎದುರಿಗೆ ಎದ್ದು ನಿಲ್ಲುತ್ತಿದ್ದರು, ಬೆನ್ನ ಹಿಂದೆ ಉಗಿಯುತ್ತಿದ್ದರು. ಒಮ್ಮೆ ಇವನನ್ನು ಜೊತೆಗೆ ಕರೆದುಕೊಂಡು ಹೋಗಿ, ಹಣ್ಣಿನ ಅಂಗಡಿಯಲ್ಲಿ ಬಾಯಲ್ಲಿ ನೀರೂರಿಸಿಕೊಂಡು ನಿಂತವನಿಗೆ ಹೇಳಿದ್ದರು, ತಕ್ಕಡಿ ನೋಡೋನಿಗೆ ಹಸಿವೇ ಇರ್ಬಾರದು ಅಂತಲ್ಲ ಮಗನೇ, ಹಸಿವು ತಟ್ಟೆಗೆ ತಾಗ್ಬಾರದು ಅಷ್ಟೆ. ಇಲ್ಲಿ ಯಾವುದು ಹಸಿವು, ಯಾವುದು ತಟ್ಟೆ. ಗಾಜಿನ ಆಚೆಯಿಂದ ಷಡ್ಡಕ ಇವನತ್ತ ನೋಡಿ ಕೈಬೀಸಿದ. ಕಾಲಲ್ಲಿ ಇವತ್ತು ಸರಿಯಾದ ಚಪ್ಪಲಿಗಳಿದ್ದವು.

ಆಗ ಆ ಸಾಲನ್ನು ಪೂರ್ತಿ ಬಿಟ್ಟುಬಿಟ್ಟರೆ ಹೇಗೆ ಎನ್ನುವ ಯೋಚನೆ ಬಂತು. ಬಂದಾಗ ಬಹಳ ಉದಾತ್ತವಾಗಿಯೇ ಬಂತು. ನನ್ನ ಕಣ್ಣು ನಂಬಿಕೆಗೆ ಅರ್ಹವಲ್ಲ, ನನಗೆ ಇವನ ಮೇಲೆ ಕಿಚ್ಚಿದೆ, ಆದ್ದರಿಂದ ನಾನು ಕಂಡದ್ದನ್ನು ಬದಿಗಿಡುತ್ತೇನೆ, ಇದಲ್ಲವೇ ನ್ಯಾಯ. ಅರ್ಧ ನಿಮಿಷ ಅವನು ತನ್ನ ದೊಡ್ಡತನದ ನೆರಳಿನಲ್ಲಿ ಹಾಯಾಗಿ ಕೂತಿದ್ದ. ಆಮೇಲೆ, ಕೊಳದ ನೀರು ತಿಳಿಯಾದಂತೆ, ಅದರ ಕೆಳಗಿದ್ದದ್ದು ಕಾಣಿಸಿತು. ಎರಡು ವರ್ಷದ ನಂತರದ ಒಂದು ದಿನ. ಅಂಗಡಿಗಳಲ್ಲಿ ಮೇಜುಗಳು ಗೋಡೆಗೆ ಸರಿದಿವೆ. ಮೇಡಂ ಕನ್ನಡಕ ತೆಗೆದು ಒರೆಸುತ್ತಾ, ಎಲ್ಲಿಂದ ಶುರುವಾಯ್ತು ಇದು ಎನ್ನುತ್ತಿದ್ದಾರೆ. ಅಂಬಿಗನಿಂದ ಎಂದು ಯಾರೋ ಹೇಳುತ್ತಾರೆ. ಎಲ್ಲರೂ ಷಡ್ಡಕನ ಕಡೆ ನೋಡುತ್ತಾರೆ, ಷಡ್ಡಕ ತನ್ನ ಕಾಲಿನ ಕಡೆ ನೋಡಿಕೊಳ್ಳುತ್ತಾನೆ. ಮನೆಯಲ್ಲಿ ಹೆಂಡತಿ ಫೋನಿನಲ್ಲಿ ಮೆತ್ತಗೆ, ನಗದೆ ಮಾತಾಡುತ್ತಿದ್ದಾಳೆ. ಆ ಚಿತ್ರ ಎಷ್ಟು ಸ್ಪಷ್ಟವಾಗಿ ಬಂತೆಂದರೆ ಬಹಳ ದಿನದಿಂದ ಎಲ್ಲೋ ಚೌಕಟ್ಟು ಹಾಕಿಸಿ ಇಟ್ಟಂತಿತ್ತು. ಮೂವತ್ತು ಜನ ಆ ಆಟವನ್ನು ನಂಬಿ ಬದುಕುತ್ತಿದ್ದರು. ಚಿತ್ರದಲ್ಲಿ ಅವರು ಯಾರೂ ಇರಲಿಲ್ಲ. ಅವನು ಹೆದರಿ ಪೆನ್ಸಿಲು ಕೆಳಗಿಟ್ಟ. ತಪ್ಪು ಹುಡುಕಿ ಬರೆದರೆ ಷಡ್ಡಕನ ಕಾರ್ಡು ಉಳಿಯುತ್ತದೆ, ತಿದ್ದಿಕೊಂಡು ಇನ್ನೂ ಚೆಂದವಾಗುತ್ತದೆ. ಹೊಗಳಿ ಬರೆದರೆ ಕೊಳೆಯುತ್ತದೆ. ಬೆಣ್ಣೆಯಲ್ಲಿ ಕೂದಲು ತೆಗೆದಷ್ಟು ಸಲೀಸು. ಯಾರಿಗೂ ಗೊತ್ತಾಗುವುದಿಲ್ಲ.

ಮೂರೂ ಮುಕ್ಕಾಲಿಗೆ 'ಆಟದ ದೀರ್ಘಕಾಲದ ಆರೋಗ್ಯ: ಅತ್ಯುತ್ತಮ' ಎಂದು ಬರೆದು ಸಹಿ ಹಾಕಿ ಮೇಡಂಗೆ ಕಳಿಸಿದ. ಔದಾರ್ಯವೂ ಕೇಡೂ ಒಂದೇ ಸಾಲಿನಲ್ಲಿ ಒಂದೇ ಮಸಿಯಲ್ಲಿ ಕೂತಿದ್ದವು, ಬೇರೆ ಮಾಡಲು ಬರುತ್ತಿರಲಿಲ್ಲ.

ಹತ್ತೇ ನಿಮಿಷದಲ್ಲಿ ಷಡ್ಡಕ ಓಡಿಬಂದ. ಬಂದವನೇ ತಬ್ಬಿಕೊಂಡ. ಅವನ ಅಂಗಿಯಿಂದ ಅಚ್ಚಿನ ಮಸಿಯ ವಾಸನೆ ಬರುತ್ತಿತ್ತು. "ಅಣ್ಣಾ, ನೀವು ಬೇಡ ಅಂದಿದ್ರೆ ನಾನು ಎದುರು ಮಾತಾಡ್ತಿರ್ಲಿಲ್ಲ. ದೇವರಾಣೆಗೂ. ಎರಡು ವಾರದಿಂದ ನಿದ್ದೆ ಇಲ್ಲ ನನಗೆ. ಬೇರೆಯವರು ಹೊಗಳಿದ್ರೆ ನನಗೆ ನಂಬಿಕೆ ಬರಲ್ಲ, ನೀವು ಹೇಳ್ಬೇಕು." ಇವನ ಕೈಗಳು ಷಡ್ಡಕನ ಬೆನ್ನನ್ನು ತಟ್ಟಿದವು. ಬೆನ್ನು ತಟ್ಟುವ ಕೈಗಳನ್ನು ಇವನು ಬೇರೆ ಯಾರದೋ ಎಂಬಂತೆ ನೋಡಿದ. ಗಾಜಿನ ಆಚೆ ಮೇಸ್ತ್ರಿ, ಮೇಡಂ, ಅಕ್ಷರ ಬರೆಯುವ ಹೆಣ್ಣುಮಕ್ಕಳು, ಎಲ್ಲರೂ ಈ ಕಡೆ ನೋಡಿ ನಗುತ್ತಿದ್ದರು. ಹೆಂಡತಿ ಫೋನು ಮಾಡಿದಳು. ಸುದ್ದಿ ಆಗಲೇ ಎರಡು ಮನೆ ಸುತ್ತಿತ್ತು. "ನಿಮ್ಮ ಮನಸ್ಸು ದೊಡ್ಡದು," ಎಂದಳು. "ನಾನು ಬೆಳಿಗ್ಗೆ ಹಾಗೆ ಅನ್ನಬಾರದಿತ್ತು." ಹತ್ತೊಂಬತ್ತು ವರ್ಷದಲ್ಲಿ ಅವಳ ದನಿ ಇಷ್ಟು ಹತ್ತಿರ ಬಂದದ್ದು ಅವನಿಗೆ ನೆನಪಿರಲಿಲ್ಲ. ಅವನಿಗೆ ಅದು ಬೇಕಿತ್ತು. ಕದ್ದ ಹಣ್ಣೆಂದು ಗೊತ್ತಿದ್ದೂ ಸಿಪ್ಪೆ ಸಮೇತ ತಿನ್ನುವವನ ಹಾಗೆ ಅದನ್ನು ಕೇಳಿಸಿಕೊಂಡ. "ಏನು, ಇನ್ನೊಂದ್ಸಲ ಹೇಳು, ಇಲ್ಲಿ ಗಲಾಟೆ," ಎಂದ. ಗಲಾಟೆ ಏನೂ ಇರಲಿಲ್ಲ.

ಪರೀಕ್ಷೆಯ ಕೋಣೆಗೆ ದೀಪ ಆರಿಸಲು ಹೋದಾಗ ಅಲ್ಲಿ ನರ್ಸಮ್ಮ ಇದ್ದರು. ಆಸ್ಪತ್ರೆಯಿಂದ ನಿವೃತ್ತರಾಗಿ ಮೂರು ವರ್ಷ. ಹೊಸ ಸರಣಿ ಆಡಿ ನೋಡಲು ಹೊರಗಿನಿಂದ ಕರೆಸುವ ಎಂಟು ಜನರಲ್ಲಿ ಅವರೂ ಒಬ್ಬರು, ಅಷ್ಟೂ ಜನರಲ್ಲಿ ಎತ್ತಿದ ಕೈ. ಮರೆತುಹೋಗಿದ್ದ ಕನ್ನಡಕದ ಡಬ್ಬಿ ಹುಡುಕಲು ಬಂದಿದ್ದರು. ಡಬ್ಬಿ ಸಿಕ್ಕಿತ್ತು, ಆದರೂ ಕುರ್ಚಿಯ ಬೆನ್ನು ಹಿಡಿದು ನಿಂತಿದ್ದರು.

"ಡಾಕ್ಟ್ರೇ, ನಿಮಗೊಂದು ಮಾತು ಹೇಳ್ಬೇಕು ಅಂತ ಇದ್ದೆ. ಮುಂದಿನ ಸರಣಿಗೆ ನನ್ನ ಕರೀಬೇಡಿ."

"ಯಾಕಮ್ಮಾ? ಎಲ್ಲರಿಗಿಂತ ಜಾಸ್ತಿ ಗೆದ್ದಿದ್ದು ನೀವೇ."

"ಹ್ಞೂಂ, ಗೆದ್ದೆ. ಗೆದ್ದು ಮನೆಗೆ ಹೋಗಿ ಬಟ್ಟೆ ಮಡಚಿದೆ. ಮೊದಲೆಲ್ಲ ಗೆದ್ದ ದಿನ ಬಸ್ಸಲ್ಲೂ ಅದೇ ತಲೇಲಿ ಓಡ್ತಿತ್ತು, ಎರಡು ಸ್ಟಾಪು ಮುಂದಕ್ಕೆ ಹೋಗಿ ಇಳಿದಿದ್ದೂ ಇದೆ." ಅವರು ಸಂಕೋಚದಿಂದ ನಕ್ಕರು. "ಏನು ಅಂತ ನನಗೆ ಹೇಳಕ್ಕೆ ಬರಲ್ಲ. ಕಾರ್ಡು ಚೆನ್ನಾಗೇ ಇದೆ. ಆದ್ರೆ ನೀವು ನೋಡಿದ್ರಿ. ನಾನು ಎದ್ದಾಗೆಲ್ಲ ನೀವು ಒಂದು ಗೀಟು ಹಾಕ್ಕೊಂಡ್ರಿ, ನಾನು ಕಂಡೆ. ಆಗಲೇ ಅಂದ್ಕೊಂಡೆ, ಸದ್ಯ, ಒಬ್ಬರು ನೋಡ್ತಿದಾರೆ ಅಂತ. ವಾರ್ಡಲ್ಲೂ ಹಾಗೇ, ನಮಗೆ ಏನೋ ಸರಿಯಿಲ್ಲ ಅಂತ ಗೊತ್ತಾಗ್ತಿತ್ತು, ಹೆಸರಿಟ್ಟು ಬರೆಯೋದು ಡಾಕ್ಟ್ರ ಕೆಲಸ. ಬರೆದ್ರಲ್ಲ?"

"ಬರೆದೆ," ಎಂದ.

"ಹಾಗಾದ್ರೆ ಸರಿ." ಅವರ ಮುಖ ಸಡಿಲವಾಯಿತು. ಡಬ್ಬಿಯನ್ನು ಚೀಲಕ್ಕೆ ಹಾಕಿಕೊಂಡರು. "ಸರಿಮಾಡಿದ್ಮೇಲೆ ಕರೀರಿ, ಬರ್ತೀನಿ. ಇಲ್ಲಿಗೆ ಬರೋದು ಬಿಟ್ರೆ ನನಗೂ ಬೇರೆ ಹೋಗೋ ಜಾಗ ಎಲ್ಲಿದೆ ಹೇಳಿ."

ಅವರು ಮೆಟ್ಟಿಲಿಳಿದು ಹೋಗುವ ಸದ್ದನ್ನು, ಒಂದೊಂದು ಮೆಟ್ಟಿಲಿಗೂ ಒಂದು ನಿಲುಗಡೆಯ ಸದ್ದನ್ನು, ಅವನು ದೀಪ ಆರಿಸಿದ ಕೋಣೆಯಲ್ಲಿ ನಿಂತು ಕೇಳಿದ. ಫೋನಿನಲ್ಲಿ ಹೇಳಿದ ಗಲಾಟೆಯನ್ನು ಬಿಟ್ಟರೆ, ಇಡೀ ದಿನದಲ್ಲಿ ಅವನು ಬಾಯಿಬಿಟ್ಟು ಆಡಿದ ಸುಳ್ಳು ಅದೊಂದೇ.

ಷಡ್ಡಕನ ಮನೆ ಮೂರನೆಯ ಮಹಡಿಯಲ್ಲಿ. ಏಳು ಗಂಟೆಗೆ ಹೋದಾಗ ಕಿಟಕಿಗಳಲ್ಲಿ ಇನ್ನೂ ಸ್ವಲ್ಪ ಬೆಳಕಿತ್ತು. ಹೆಂಡತಿ ಮೊದಲೇ ಬಂದು ತಂಗಿಯ ಜೊತೆ ಅಡುಗೆಮನೆಯಲ್ಲಿದ್ದಳು. ಅವಳು ನೀಲಿ ಸೀರೆ ಉಟ್ಟಿದ್ದಳು, ತನಗೆ ಇಷ್ಟವೆಂದು ಅವನು ಎಂದೋ ಹೇಳಿದ್ದ ಸೀರೆ. ನಾದಿನಿ ನೀರು ತಂದುಕೊಟ್ಟು, "ಭಾವ, ಇವತ್ತು ನೀವೇ ಮದುಮಗ," ಎಂದು ನಕ್ಕಳು. ಎಲ್ಲರೂ ಊಟಕ್ಕೆ ಕೂತರು. ಬಿಸಿ ತಟ್ಟೆ, ಹಬೆ, ಮೊಣಕೈಗೆ ಮೊಣಕೈ ತಾಗುವಷ್ಟು ಸಣ್ಣ ಮೇಜು. ಷಡ್ಡಕ ತನ್ನ ಮೊದಲ ದಿನದ ಕಥೆ ಹೇಳಿದ: ಅಣ್ಣ ನನ್ನನ್ನು ಕರೆದುಕೊಂಡು ಹೋಗಿ ಮೇಡಂ ಮುಂದೆ ನಿಲ್ಲಿಸಿ, ಇವನಿಗೆ ಸಮಯಪ್ರಜ್ಞೆ ಇಲ್ಲ, ಬೇರೆ ಎಲ್ಲ ಇದೆ ಎಂದರು. ತಾನು ಹಾಗೆ ಹೇಳಿದ್ದು ಇವನಿಗೆ ಮರೆತೇಹೋಗಿತ್ತು. ಹೇಳಿದ್ದೆನೇ? ಆಗ ತನಗೆ ಷಡ್ಡಕನ ಮೇಲೆ ಪ್ರೀತಿಯಿತ್ತೇ? ಇದ್ದಿರಬೇಕು. ಅದು ಯಾವ ವಾರ ಬಂದು, ಯಾವ ವಾರದಿಂದ ಬರುವುದನ್ನು ನಿಲ್ಲಿಸಿತು, ಇಷ್ಟೆಲ್ಲ ಲೆಕ್ಕ ಇಡುವವನು ಅದನ್ನು ಗಮನಿಸಲೇ ಇಲ್ಲ. ನಾಳೆ ಎಂಟು ಗಂಟೆಗೆ ಅಚ್ಚಿನ ಯಂತ್ರ ಶುರುವಾಗುತ್ತದೆ.

"ಅಂಬಿಗನನ್ನ ಅಚ್ಚಿಗೆ ಕಳಿಸ್ಬಾರದು," ಎಂದ.

ಯಾರಿಗೂ ಸರಿಯಾಗಿ ಕೇಳಿಸಲಿಲ್ಲ. ನಾದಿನಿ ಇನ್ನೇನೋ ಬಡಿಸುತ್ತಿದ್ದಳು. ಇವನು ಮತ್ತೊಮ್ಮೆ, ಅಗತ್ಯಕ್ಕಿಂತ ಜೋರಾಗಿ ಹೇಳಿದ. "ಅದು ಆಟವನ್ನ ಕೊಲ್ಲುತ್ತೆ. ಎರಡು ವರ್ಷ, ಹೆಚ್ಚೆಂದ್ರೆ ಮೂರು."

ಹೆಂಡತಿಯ ಮುಖ ಕೆಂಪಾಗುವುದನ್ನು ಅವನು ನೋಡಲಿಲ್ಲ, ಆದರೆ ಆ ಕಡೆಯ ಕೆನ್ನೆಗೆ ಬಿಸಿ ತಾಗಿತು. "ಊಟ ಮಾಡ್ತಾ ಇದೀವಿ," ಎಂದಳು ಹಲ್ಲು ಕಚ್ಚಿಕೊಂಡು. "ಒಂದು ದಿನ. ಒಂದೇ ಒಂದು ದಿನ ನಿಮಗೆ ತಡ್ಕೊಳ್ಳಕ್ಕೆ ಆಗ್ಲಿಲ್ಲ ಅಲ್ವಾ? ಅವನು ಖುಷಿಯಾಗಿರೋದು ನೋಡಕ್ಕಾಗಲ್ಲ ನಿಮಗೆ. ಹೊಟ್ಟೆಕಿಚ್ಚು. ನನಗೇನು ಗೊತ್ತಿಲ್ಲ ಅಂದ್ಕೊಂಡ್ರಾ?"

"ಅಕ್ಕಾ, ಬಿಡೇ," ಎಂದಳು ನಾದಿನಿ.

ಅವಳು ಹೇಳಿದ್ದು ಸುಳ್ಳಲ್ಲ. ಸಂಜೆ ನಾಲ್ಕಕ್ಕೆ ಕೇಡು ಮಾಡಿದಾಗ ಮನಸ್ಸು ದೊಡ್ಡದು ಎಂದಿದ್ದಳು. ಈಗ ಕಾರ್ಡಿನೊಳಗಿನ ಹುಳುವನ್ನು ಹೊರಗೆ ತೆಗೆದು ತೋರಿಸುತ್ತಿರುವಾಗ ಹೊಟ್ಟೆಕಿಚ್ಚು ಎನ್ನುತ್ತಿದ್ದಾಳೆ. ಎರಡು ಸಲವೂ ಅವಳಿಗೆ ಕಂಡದ್ದು ಅರ್ಧವಷ್ಟೇ. ಷಡ್ಡಕ ಮಾತ್ರ ಕೈಯ ತುತ್ತನ್ನು ತಟ್ಟೆಗೆ ಹಾಕಿ ಇವನ ಮುಖವನ್ನೇ ನೋಡುತ್ತಿದ್ದ. ಆ ಮುಖದಲ್ಲಿ ಕೋಪ ಇನ್ನೂ ಬಂದಿರಲಿಲ್ಲ. ಲೆಕ್ಕ ಹಾಕುತ್ತಿತ್ತು.

"ಏನು ಕಾಣ್ತು ನಿಮಗೆ?"

"ಗೆದ್ದವರು ಎದ್ದು ಹೋಗ್ತಿದಾರೆ. ಮೂವತ್ತೊಂದರಲ್ಲಿ ಇಪ್ಪತ್ತಾರು."

ಷಡ್ಡಕನ ತುಟಿಗಳು ಅಂಕಿಯನ್ನು ಸದ್ದಿಲ್ಲದೆ ಒಮ್ಮೆ ಹೇಳಿಕೊಂಡವು. ಅವನೂ ಆಟ ಬಲ್ಲವನು, ವಿವರಿಸಬೇಕಾಗಿರಲಿಲ್ಲ. ಅರಗಿಸಿಕೊಳ್ಳಲು ಅರ್ಧ ನಿಮಿಷ ಹಿಡಿಯಿತು, ಆ ಅರ್ಧ ನಿಮಿಷದಲ್ಲಿ ಅವನ ವಯಸ್ಸು ಹತ್ತು ವರ್ಷ ಹೆಚ್ಚಾದಂತೆ ಕಂಡಿತು. ಆಮೇಲೆ ಕೇಳಿದ:

"ಇದು ವರದಿ ಕಳಿಸುವಾಗ್ಲೇ ಗೊತ್ತಿತ್ತಾ?"

ದಾರಿ ತೆರೆದೇ ಇತ್ತು. ಇಲ್ಲ, ಆಮೇಲೆ ಹಾಳೆ ಜೋಡಿಸುವಾಗ ಕಂಡಿತು ಎಂದರೆ ಮುಗಿಯುತ್ತಿತ್ತು. ಹೆಂಡತಿಯೂ ನಂಬುತ್ತಿದ್ದಳು, ಒಂದು ವಾರದಲ್ಲಿ ಅದೂ ಒಂದು ಕಥೆಯಾಗಿ, ಊಟದ ನಡುವೆ ನೆನಪಾಯಿತಂತೆ ಪುಣ್ಯಾತ್ಮನಿಗೆ ಎಂದು ಫೋನಿನಲ್ಲಿ ನಗು ಬರುತ್ತಿತ್ತು, ಮೊದಲ ಸಲ ಇವನ ಕಥೆಗೆ ನಗು. ಮಾತು ನಾಲಿಗೆಯ ತುದಿಗೆ ಬಂದಿತ್ತು.

"ಗೊತ್ತಿತ್ತು," ಎಂದ. "ನಿನ್ನೆಯೇ ಗೊತ್ತಿತ್ತು. ಬರೀಲಿಲ್ಲ. ಹಾಳಾಗ್ಲಿ ಅಂತ ಬರೀಲಿಲ್ಲ."

ಹೆಂಡತಿ ಅವನ ಕಡೆ ತಿರುಗಿದಳು. ಈಗ ಅವಳ ಮುಖದಲ್ಲಿ ಸಿಟ್ಟು ಇರಲಿಲ್ಲ. ಮನೆಗೆ ಬಂದ ಅಪರಿಚಿತನ ಕೈಯಲ್ಲಿ ತನ್ನದೇ ಬೀಗದಕೈ ಕಂಡವಳ ಹಾಗೆ ನೋಡಿದಳು. ನಾದಿನಿ ಎದ್ದು ಅಡುಗೆಮನೆಗೆ ಹೋದಳು. ಅಲ್ಲಿ ಏನೂ ಮಾಡದೆ ನಿಂತಳು ಎಂಬುದು ಸದ್ದಿಲ್ಲದಿರುವುದರಿಂದ ತಿಳಿಯುತ್ತಿತ್ತು. ಷಡ್ಡಕ ಕೈ ತೊಳೆಯಲು ಎದ್ದ. ನಲ್ಲಿ ಬಹಳ ಹೊತ್ತು ಹರಿಯಿತು. ಇವನೂ ಏಳಬೇಕೆಂದುಕೊಂಡ; ಚಪ್ಪಲಿ ಹಾಕಿಕೊಂಡು ಮೂರು ಮಹಡಿ ಇಳಿದು ಬೀದಿಗೆ ಸೇರುವುದು ಸುಲಭವಿತ್ತು, ಎಲ್ಲರೂ ಅದನ್ನೇ ಬಯಸುತ್ತಿದ್ದರು ಕೂಡ. ಎಂಜಲು ಕೈ ಒಣಗುತ್ತಿತ್ತು. ಏಳಲಿಲ್ಲ.

ಷಡ್ಡಕ ಒಳಗಿನಿಂದ ಒಂದು ನೋಟ್‌ಬುಕ್ಕು, ಮೊಂಡಾದ ಪೆನ್ಸಿಲು ತಂದ. ತಟ್ಟೆಗಳನ್ನು ಒಂದು ಕಡೆ ಸರಿಸಿ ಜಾಗ ಮಾಡಿದ. ಕೂತ. ಇವನ ಕಡೆ ನೋಡಲಿಲ್ಲ. "ಮೇಡಂಗೆ ಬೆಳಿಗ್ಗೆ ಏಳಕ್ಕೆ ಫೋನ್ ಮಾಡ್ಬೇಕು. ನೀವೇ ಮಾಡಿ," ಎಂದ. "ಈಗ ಹೇಳಿ. ಮೊದಲನೇ ಆಟದಿಂದ. ಯಾರು ಯಾರ ಎದುರು, ಅಂಬಿಗ ಎಷ್ಟನೇ ಸರದೀಲಿ ಇಳಿದ, ಗೆದ್ದವರು ಯಾವಾಗ ಎದ್ರು. ಒಂದೂ ಬಿಡ್ಬೇಡಿ." ಮಾತಿನಲ್ಲಿ ಅಣ್ಣ ಎಂಬುದು ಎಲ್ಲಿಯೂ ಇರಲಿಲ್ಲ.

ಇವನು ಬ್ಯಾಗಿನಿಂದ ಹಾಳೆಗಳನ್ನು ಎಡಗೈಯಲ್ಲಿ ತೆಗೆದು ಓದತೊಡಗಿದ. ಮೊದಲನೆಯ ಆಟ, ಡ್ರೈವರು ಮತ್ತು ನರ್ಸಮ್ಮ. ಎರಡನೆಯದು. ಹೆಂಡತಿ ಗೋಡೆಗೊರಗಿ ಸೀರೆಯ ಸೆರಗನ್ನು ಬೆರಳಿಗೆ ಸುತ್ತುತ್ತಾ ಬಿಚ್ಚುತ್ತಾ ಕೂತಿದ್ದಳು. ಐದು, ಆರು, ಒಂಬತ್ತು. ಪೆನ್ಸಿಲು ಸರಸರ ಓಡುತ್ತಿತ್ತು. ಹನ್ನೆರಡು. ಕಿಟಕಿಯಲ್ಲಿದ್ದ ಬೆಳಕು ಹೋಗಿತ್ತು. ನಾದಿನಿ ಬಂದು ದೀಪ ಹಾಕಿ, ಯಾರನ್ನೂ ನೋಡದೆ ಹಿಂತಿರುಗಿದಳು. ಹದಿನಾರನೆಯ ಆಟದ ನಡುವೆ ಪೆನ್ಸಿಲಿನ ಸದ್ದು ನಿಂತಿತು. ಇವನು ತಲೆಯೆತ್ತಿದ. ಷಡ್ಡಕ ಎದುರಿನ ಖಾಲಿ ಗೋಡೆಯನ್ನು ನೋಡುತ್ತಿದ್ದ, ಬಾಯಿ ಸ್ವಲ್ಪ ತೆರೆದಿತ್ತು, ಕಣ್ಣು ಇಲ್ಲಿ ಇರಲಿಲ್ಲ. ಎಂಟು ವರ್ಷದಿಂದ ಇವನಿಗೆ ಗೊತ್ತಿದ್ದ ನೋಟ ಅದು. ಏನೋ ಹೊಳೆದಿತ್ತು. ಈ ಮನೆಯಲ್ಲಿ, ಈ ಹೊತ್ತಿನಲ್ಲಿ, ಇಷ್ಟಾದ ಮೇಲೂ ಅವನಿಗೆ ಹೊಳೆದಿತ್ತು. ಅದು ಅಂಬಿಗನಿಗಿಂತ ಚೆಂದವಾಗಿರುತ್ತದೆ. ಇವನ ಹೊಟ್ಟೆಯ ಆಳದಲ್ಲಿ ಉರಿ ಎದ್ದಿತು, ಒಂದು ಕಿಡಿಯೂ ಕಮ್ಮಿಯಿಲ್ಲದೆ, ಬೆಳಿಗ್ಗೆ ಇದ್ದಷ್ಟೇ. ಅದನ್ನು ಗಂಟಲವರೆಗೆ ಬರಲು ಬಿಟ್ಟು, ಷಡ್ಡಕನ ಕಣ್ಣು ಗೋಡೆಯಿಂದ ವಾಪಸು ಬರುವವರೆಗೂ ಕಾದು, ಇವನು ಹದಿನೇಳನೆಯ ಆಟವನ್ನು ಓದಿದ.